ಗ್ರಾಫ್‌ಗಳಲ್ಲಿ ಅನುಮತಿಯಿಲ್ಲದೆ ಮೈನಸ್ ಚಿಹ್ನೆ ಕಾಣಿಸಿಕೊಂಡಿರುವ ಬಗ್ಗೆ

ಸಾರ್ವಜನಿಕ ಈಜುಕೊಳಗಳ ಇಲಾಖೆ
ಅಂಕಿ-ಅಂಶ ಶಾಖೆ

ಸಂಖ್ಯೆ: ಸಾಈಇ/ಅಂಅಂ/ಫಾಂಟ್/14

ವಿಷಯ: ಗ್ರಾಫ್ ತಂತ್ರಾಂಶದಲ್ಲಿ ಬರಹಕ್ಕೂ ಗಣಿತ ಚಿಹ್ನೆಗಳಿಗೂ ಬಳಸುವ ಫಾಂಟ್‌ಗಳು ಹಾಗೂ ಅವುಗಳಿಂದ ಇಲಾಖೆಯ ಪ್ರಗತಿಗೆ ಉಂಟಾಗಿರುವ ಅಡಚಣೆ.

ಉಲ್ಲೇಖ: 1. ನಿರ್ದೇಶಕರು ಮೆಟ್ಟಿಲು ಇಳಿಯುತ್ತಾ ನೀಡಿದ ಮೌಖಿಕ ಆದೇಶ.
2. ಗ್ರಾಫ್ ಸಹಾಯಕಿಯ ಲಿಖಿತ ವಿವರಣೆ.
3. ಅದೇ ವಿವರಣೆ, ಮತ್ತೊಮ್ಮೆ, ದಪ್ಪ ಅಕ್ಷರಗಳಲ್ಲಿ.

ಇಲಾಖೆಯ ಎಲ್ಲ ಗ್ರಾಫ್‌ಗಳನ್ನೂ ನಿರ್ದೇಶಕರು ಮೆಚ್ಚಿದ ಫಾಂಟಿನಲ್ಲೇ ಸಿದ್ಧಪಡಿಸಲು ಈ ಹಿಂದೆ ಆದೇಶಿಸಲಾಗಿತ್ತು. ಸದರಿ ಫಾಂಟನ್ನು ಅವರ ಷಡ್ಡಕರು ಮಗಳ ಮದುವೆಯ ಕರೆಯೋಲೆಗಾಗಿ ರೂಪಿಸಿದ್ದು, ಅದರಲ್ಲಿ ಅಕ್ಷರಗಳು ಮುದ್ದಾಗಿವೆ. ಗಣಿತ ಚಿಹ್ನೆಗಳು ಇರುವುದಿಲ್ಲ. ಕರೆಯೋಲೆಯಲ್ಲಿ ಮೈನಸ್ ಚಿಹ್ನೆಯ ಅಗತ್ಯ ಬಿದ್ದಿರಲಿಲ್ಲ. ಚಿಹ್ನೆ ಸಿಗದ ಕಡೆ ತಂತ್ರಾಂಶವು ಒಂದು ಖಾಲಿ ಚೌಕವನ್ನು ಮುದ್ರಿಸುತ್ತದೆ.

ಇದರಂತೆ, ಕಳೆದ ವರ್ಷ ಈಜಲು ಬಂದವರ ಸಂಖ್ಯೆಯಲ್ಲಿ ಆದ ಬದಲಾವಣೆಯು ಶೇಕಡಾ "□40" ಎಂದು ಮುದ್ರಿತವಾಯಿತು. ಪರಿಶೀಲನಾ ಸಭೆಯಲ್ಲಿ ಚೌಕ ಏನೆಂದು ಯಾರೂ ಕೇಳಲಿಲ್ಲ. ಹೆಚ್ಚಳವೆಂದು ಓದಿ ಚಪ್ಪಾಳೆ ತಟ್ಟಲಾಯಿತು. ಗ್ರಾಫಿನ ಕಂಬಗಳು ಕೆಳಮುಖವಾಗಿ ಇಳಿದಿದ್ದನ್ನು ಕೊಳಗಳ ಆಳವೆಂದು ಭಾವಿಸಲಾಯಿತು. ಬಾಗಿಲ ಬಳಿ ನಿಂತಿದ್ದ ಜೀವರಕ್ಷಕರು, "ಸಾರ್, ಅರ್ಧ ವರ್ಷ ಕೊಳದಲ್ಲಿ ನೀರೇ ಇರ್ಲಿಲ್ಲ. ಬಂದೋರೆಲ್ಲ ಟವೆಲ್ ಹೆಗಲಿಗೆ ಹಾಕ್ಕೊಂಡು ಬೈಕೊಂಡು ವಾಪಸ್ ಹೋದ್ರು. ಅದ್ಯಾವಾಗ ಜಾಸ್ತಿ ಆದ್ರು?" ಎಂದದ್ದನ್ನು ನಡಾವಳಿಯಲ್ಲಿ "ಸಹಮತ ವ್ಯಕ್ತಪಡಿಸಿದರು" ಎಂದು ದಾಖಲಿಸಲಾಗಿದೆ.

ಹೀಗಿರುವಾಗ, ಪ್ರೊಬೇಷನ್ ಅವಧಿಯಲ್ಲಿರುವ ಗ್ರಾಫ್ ಸಹಾಯಕಿಯು ಯಾರ ಅನುಮತಿಯನ್ನೂ ಪಡೆಯದೆ, ಬರಹದ ಫಾಂಟನ್ನು ಹಾಗೇ ಉಳಿಸಿ, ಗಣಿತ ಚಿಹ್ನೆಗಳ ಫಾಂಟನ್ನು ಮಾತ್ರ ಬದಲಿಸಿರುತ್ತಾರೆ. ಚೌಕಗಳೆಲ್ಲ ಮೈನಸ್ ಆಗಿ, ಅಲ್ಲಿಯವರೆಗೆ ಬೆಳೆಯುತ್ತಿದ್ದ ಇಲಾಖೆಯು ಒಂದೇ ಮಧ್ಯಾಹ್ನದಲ್ಲಿ ಕುಸಿದಿರುತ್ತದೆ. ವಿಚಾರಿಸಲಾಗಿ, "ನಾನು ಒಂದು ಸಂಖ್ಯೆನೂ ಮುಟ್ಟಿಲ್ಲ ಸಾರ್. ಕನ್ನಡಿ ಒರೆಸಿದೀನಿ, ಅಷ್ಟೆ" ಎಂದಿರುತ್ತಾರೆ. "ಮುಖ ಚೆನ್ನಾಗೇ ಕಾಣ್ತಿತ್ತಲ್ಲಮ್ಮಾ, ಒರೆಸು ಅಂದೋರ್ಯಾರು?" ಎಂದು ನಿರ್ದೇಶಕರು ಕೇಳಿರುತ್ತಾರೆ. ಸಹಾಯಕಿಯನ್ನು ಕೆಲಸದಲ್ಲಿ ಕಾಯಂಗೊಳಿಸುವ ವಿಚಾರವನ್ನು ಸಮಿತಿಗೆ ಒಪ್ಪಿಸಲಾಯಿತು.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಇಲಾಖೆಯ ಸಮಸ್ತ ಮುದ್ರಿತ ಕಾಗದಗಳಲ್ಲಿ ಗಣಿತ ಚಿಹ್ನೆಗಳನ್ನು ಕೂಡಲೇ ಮದುವೆ ಫಾಂಟಿಗೆ ಮರಳಿಸತಕ್ಕದ್ದು. ವಿನಾಯಿತಿ ಇಲ್ಲ.

2. ಮೈನಸ್ ಬೇಕೇ ಬೇಕೆನ್ನುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅನುಮತಿ ದೊರೆಯುವವರೆಗೆ ಚೌಕದ ಮುಂದಿನ ಸಂಖ್ಯೆಯನ್ನು ಹೆಚ್ಚಳವೆಂದೇ ಪರಿಗಣಿಸಲಾಗುವುದು.

3. ಕೈಬರಹದಲ್ಲಿ ± ಚಿಹ್ನೆಯ ಮೇಲ್ಭಾಗವನ್ನು ಮಾತ್ರ ಬಳಸತಕ್ಕದ್ದು.

4. "ಸುಮಾರು" ಎಂಬರ್ಥದ ≈ ಚಿಹ್ನೆಯನ್ನು ಕೈಯಲ್ಲಿ ಬರೆಯಲು ಅನುಮತಿ ಬೇಕಿಲ್ಲ. ಸಿಬ್ಬಂದಿಯ ಹಾಜರಾತಿಗೆ ಇದನ್ನು ಧಾರಾಳವಾಗಿ ಬಳಸಬಹುದು.

5. ಸೂತ್ರಗಳಲ್ಲಿನ ಅಕ್ಷರಗಳು ಬಲಕ್ಕೆ ವಾಲಿಕೊಂಡಿರುವುದು ಗಮನಕ್ಕೆ ಬಂದಿದೆ. ಹಿರಿಯ ಅಧಿಕಾರಿಗಳ ಮುಂದೆ ಅವು ನೆಟ್ಟಗೆ ನಿಲ್ಲತಕ್ಕದ್ದು. ಸಹಿ ಆದ ನಂತರ ವಾಲಬಹುದು.

6. ಕೈಯಲ್ಲಿ ಬರೆದ ಅನಂತದ ಚಿಹ್ನೆಯನ್ನು (∞) ಸ್ನಾನದ ಕೊಠಡಿಗಳ ದುರಸ್ತಿ ಮುಗಿಯುವ ದಿನಾಂಕಕ್ಕೆ ಮೀಸಲಿಡಲಾಗಿದೆ. "ಎಂಟು ಮಲಗಿಬಿಟ್ಟಿದೆ" ಎಂದು ಬೆರಳಚ್ಚುಗಾರರು ಅದನ್ನು ಎಬ್ಬಿಸಿ ನಿಲ್ಲಿಸಿದ್ದರಿಂದ, ಎಂಟನೇ ತಾರೀಕು ಜನ ಸೋಪು ಹಿಡಿದು ಬಂದಿದ್ದು ವಿಷಾದನೀಯ.

7. ಚೌಕದ ಬಗ್ಗೆ ಸಾರ್ವಜನಿಕರು ಪ್ರಶ್ನಿಸಿದಲ್ಲಿ, ಅದು ಮೇಲಿನಿಂದ ಕಾಣುವ ಈಜುಕೊಳವೆಂದು ತಿಳಿಸತಕ್ಕದ್ದು. ಒಳಗೆ ಖಾಲಿ ಯಾಕಿದೆ ಎಂದು ಕೇಳಿದಲ್ಲಿ ಮಾತು ಬದಲಿಸತಕ್ಕದ್ದು.

8. ಗ್ರಾಫ್ ಸಹಾಯಕಿಯನ್ನು ಕಾಯಂಗೊಳಿಸಲು ಕನಿಷ್ಠ ಹತ್ತು ಅಂಕಗಳು ಅಗತ್ಯ. ಸಮಿತಿಯು ತೀವ್ರ ಅಸಮಾಧಾನಗೊಂಡು ಸೊನ್ನೆಗಿಂತ ಅರವತ್ತು ಕಡಿಮೆ ನೀಡಿರುತ್ತದೆ. ಆದರೆ ಅಂಕಪಟ್ಟಿಯು ನಿಯಮ 1ರ ಪ್ರಕಾರ "□60" ಎಂದು ಮುದ್ರಿತವಾಗಿದ್ದು, ನಿಯಮ 2ರ ಪ್ರಕಾರ ಅದನ್ನು ಅರವತ್ತೆಂದೇ ಓದಬೇಕಾಗಿದೆ. ಇದು ಇಲಾಖೆಯಲ್ಲಿ ಇದುವರೆಗೆ ಯಾರೂ ಪಡೆಯದ ಅಂಕ. ಅತಿ ಹೆಚ್ಚು ಕೋಪಗೊಂಡ ಸದಸ್ಯರಿಂದಲೇ ಅತಿ ಹೆಚ್ಚು ಅಂಕ ಬಂದಿರುತ್ತದೆ. ಅನ್ಯಮಾರ್ಗವಿಲ್ಲದೆ ಸದರಿಯವರನ್ನು ಕಾಯಂಗೊಳಿಸಲಾಗಿದೆ.

ಸಹಿ/-
ಶಾಖಾಧಿಕಾರಿ
ನಿರ್ದೇಶಕರ ಪರವಾಗಿ
(ನಿರ್ದೇಶಕರು ಅಂಕಪಟ್ಟಿಯನ್ನು ಇನ್ನೂ ನೋಡುತ್ತಿದ್ದಾರೆ)

ಪ್ರತಿಗಳು:
1. ಎಲ್ಲ ಕೊಳಗಳ ಮೇಲ್ವಿಚಾರಕರಿಗೆ, ಒಣಗಿದ ಗೋಡೆಯ ಮೇಲೆ ಅಂಟಿಸಲು.
2. ಸಮಿತಿಯ ಸದಸ್ಯರಿಗೆ, ಮುಂದಿನ ಬಾರಿ ಸಿಟ್ಟನ್ನು ಪ್ಲಸ್‌ನಲ್ಲೇ ವ್ಯಕ್ತಪಡಿಸುವಂತೆ ಕೋರಿ.
3. ಗ್ರಾಫ್ ಸಹಾಯಕಿಗೆ, ಕಾಯಂ ಆದೇಶದೊಂದಿಗೆ. ಸದರಿಯವರು ಉಳಿದ ನಗುವನ್ನು ಮನೆಗೆ ಹೋದ ಮೇಲೆ ಮುಂದುವರಿಸತಕ್ಕದ್ದು.