ಗೋದಲಿಯಲ್ಲಿ ಮಂಗ್ಯಾ

ನಮ್ಮ ಕಾಕಾನಿಗೆ ಹಲ್ಲಿ ಕಂಡರೆ ಹಿರಿಯರನ್ನು ಕಂಡಷ್ಟು ಗೌರವ. ಸುಳ್ಳಲ್ಲ! ಮೂಡಲಗಿಯ ಅವನ ಮನೆಗೆ ನೀವು ಹೋದರೆ ಕುರ್ಚಿ ಸಿಗುವುದು ತಡವಾದೀತು, ಗೋಡೆಯ ಮೇಲಿನ ಹಲ್ಲಿಯ ಪರಿಚಯ ಮಾತ್ರ ಮೊದಲೇ ಆಗುತ್ತದೆ. ಕಾಕು ಕಸಬರಿಗೆ ಎತ್ತಿದರೆ ಅಡ್ಡ ನಿಲ್ಲುತ್ತಾನೆ.

"ಅದರ ಮಂದಿ ನಮಗಿಂತ ಮೊದಲ ಬಂದಾರ. ಅವರ ಮನ್ಯಾಗ ನಾವ ಬಾಡಿಗಿ ಇದ್ದೇವಿ."

"ಹಂಗಾರ ಇವತ್ತಿನ ಅಡಗಿನೂ ಅದಕ್ಕ ಮಾಡಾಕ ಹೇಳ್ರಿ" ಎಂದು ಕಾಕು ಒಳಗೆ ಹೋಗುತ್ತಾಳೆ.

ಕಾಕಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಒಂದು ರವಿವಾರದ ಪೂಜೆಯನ್ನೂ ತಪ್ಪಿಸದ ಕ್ಯಾಥೊಲಿಕ್. ಪೂಜೆ ಮುಗಿಸಿ ಕೋಳಿ ತರಲು ಹೋದರೆ ಅಂಗಡಿಯಲ್ಲೇ ಪಾಠ ಶುರು. ಕೋಳಿಯ ಕಾಲು ಹಿಡಿದೆತ್ತಿ, ಅದರ ಮೇಲಿನ ಹಲ್ಲಿಯಂಥ ಹುರುಪೆ ತೋರಿಸಿ, ಡೈನೋಸಾರ್‌ನಿಂದ ಇಲ್ಲಿಯವರೆಗೆ ಬರುವಷ್ಟರಲ್ಲಿ ಹಿಂದೆ ಪಾಳಿ ಬೆಳೆದಿರುತ್ತದೆ. ಅಂಗಡಿಯವನು ಕತ್ತಿ ಹಿಡಿದುಕೊಂಡೇ ಕೇಳಿದ್ದನ್ನು ನಾನೇ ಕೇಳಿದ್ದೇನೆ: "ಮಾಸ್ತರ್ರ, ಈಗ ಇದನ್ನ ಕೊಯ್ಯೂದೋ, ಕೈ ಮುಗಿಯೂದೋ?"

ಇಂಥವನ ಅಣ್ಣನ ಮಗಳು ನಾನು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ತೆಗೆದುಕೊಂಡೆ. ಮಂಗನಿಗೂ ಮನುಷ್ಯನಿಗೂ ಪೂರ್ವಜರು ಒಬ್ಬರೇ ಎಂಬ ಪಾಠ ನಡೆದ ವಾರವೇ ಮನೆಯಲ್ಲಿ ಘೋಷಿಸಿಬಿಟ್ಟೆ: ಇದು ಖರೆಯಾದರೆ ಚರ್ಚಿನಲ್ಲಿ ಹೇಳುವ ಸೃಷ್ಟಿಯ ಕಥೆ ಸುಳ್ಳು, ಇನ್ನು ನಾನು ಚರ್ಚಿನೊಳಗೆ ಕಾಲಿಡುವುದಿಲ್ಲ. ಎರಡನ್ನೂ ನಂಬುವ ಕಾಕಾ ಕಣ್ಣೆದುರಿಗೇ ಇದ್ದ. ಆದರೆ ಕಾಕಾನನ್ನು ಯಾರು ಉದಾಹರಣೆಗೆ ತೆಗೆದುಕೊಳ್ಳುತ್ತಾರೆ ಹೇಳಿ? ಅವ್ವ ಅತ್ತಳು. ಅಪ್ಪ ಊಟ ಬಿಟ್ಟ. ಕಾಕಾ ಒಂದೇ ಮಾತು ಕೇಳಿದ: "ಮುಂದಿನ ಪಾಠ ಯಾವುದೈತಿ?"

ಮೂರು ವರ್ಷ ಹಾಗೇ ಹೋಯಿತು. ರವಿವಾರ ಅವ್ವನನ್ನು ಸ್ಕೂಟಿಯ ಮೇಲೆ ಚರ್ಚಿನ ಗೇಟಿನವರೆಗೆ ಬಿಡುತ್ತಿದ್ದೆ, ಹೊರಗೇ ನಿಂತು ಮೊಬೈಲು ನೋಡುತ್ತಿದ್ದೆ.

ಕ್ರಿಸ್‌ಮಸ್ಸಿಗೆ ನಮ್ಮ ಚರ್ಚಿನಲ್ಲಿ ಗೋದಲಿ ಕಟ್ಟುವುದು, ಅಂದರೆ ಬಾಲಯೇಸುವಿನ ಕೊಟ್ಟಿಗೆಯಲ್ಲಿ ಬೊಂಬೆ ಜೋಡಿಸುವುದು, ಮೊದಲಿನಿಂದಲೂ ಕಾಕಾನ ಕೆಲಸ. ಅವನ ಗೋದಲಿಯಲ್ಲಿ ಕುರುಬರಿಗೆ ಹೆಗಲ ಮೇಲೆ ಕಂಬಳಿ ಇರಲೇಬೇಕು. ವರ್ಷವಿಡೀ ಕೂಡಿಟ್ಟ ಸಂತೋಷವನ್ನೆಲ್ಲ ಆ ಒಂದು ಮೂಲೆಯಲ್ಲಿ ಸುರಿಯುತ್ತಾನೆ. ಹೋದ ಡಿಸೆಂಬರಿನಲ್ಲಿ ಗೋಕಾಕಕ್ಕೆ ಹೋಗಿ, ಅಲ್ಲಿನ ಬೊಂಬೆ ಮಾಡುವವನಿಂದ ಒಂದು ಮೀನು, ಒಂದು ಹಲ್ಲಿ, ಒಂದು ಮಂಗ್ಯಾನನ್ನು ಮಾಡಿಸಿಕೊಂಡು ಬಂದ. ಕುರಿಗಳ ಹಿಂದೆ, ಬಾಲಯೇಸುವನ್ನು ನೋಡಲು ಬಂದ ಮೂವರು ರಾಜರ ಮುಂದೆ ಸಾಲಾಗಿ ನಿಲ್ಲಿಸಿದ!

ಹಬ್ಬದ ಹಿಂದಿನ ರವಿವಾರ ಅವ್ವ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನೋಡೋಣವೆಂದು ಚರ್ಚಿನ ಬಾಗಿಲವರೆಗೆ ಹೋದೆ. ಒಳಗೆ ಪಂಚಾಯಿತಿ ನಡೆದಿತ್ತು.

"ಬಾಲಯೇಸುವಿನ ಮುಂದ ಮಂಗ್ಯಾ ಏನ್ರಿ ಮಾಸ್ತರ್ರ? ಇವತ್ತ ತಗೀರಿ. ಇಲ್ಲಾಂದ್ರ ಗೋದಲಿ ಕಟ್ಟಾಕ ಬ್ಯಾರೆ ಯಾರಿಗರೆ ಹೇಳ್ತೇವಿ" ಎಂದರು ಚರ್ಚಿನ ಹಿರಿಯರೊಬ್ಬರು.

ಫಾದರ್ ಸಮಾಧಾನ ಹೇಳಿದರು: "ಧರ್ಮಸಭೆಯ ತಕರಾರೇನೂ ಇಲ್ರಿ. ದೇವರು ಸೃಷ್ಟಿ ಮಾಡ್ಯಾನ ಅನ್ನೂದು ನಮ್ಮ ವಿಶ್ವಾಸ. ಹೆಂಗ ಮಾಡಿದ, ಎಷ್ಟು ಕಾಲ ತಗೊಂಡ ಅನ್ನೂದನ್ನ ವಿಜ್ಞಾನ ಹುಡುಕಲಿ."

ಹಿರಿಯರು ಬಿಡಲಿಲ್ಲ: "ಅದನ್ನ ಸಾಲ್ಯಾಗ ಕಲಿಸ್ರಿ. ಗೋದಲ್ಯಾಗ ಯಾಕ?"

ಕಾಕಾ ಈಗ ಮೀನಿನಿಂದ ಶುರು ಮಾಡುತ್ತಾನೆ, ಮಧ್ಯಾಹ್ನದವರೆಗೆ ಬಿಡುವುದಿಲ್ಲ ಎಂದುಕೊಂಡೆ. ಅವನು ಚಸ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ.

"ನಮ್ಮ ಅಣ್ಣನ ಮಗಳು ಇದನ್ನೆಲ್ಲ ಓದಿ, ಇನ್ನ ಒಳಗ ನನಗ ಜಾಗಾ ಇಲ್ಲ ಅಂತ ಮೂರು ವರ್ಷಾತು, ಗೇಟಿನ ಹೊರಗ ನಿಂದರ್ತಾಳ. ಆಕಿನ್ನ ಯಾರೂ ಹೊರಗ ಹಾಕಿಲ್ರಿ. ಬಾಯಿಲೆ ಹೇಳಿದ್ರ ಕೇಳೂ ಪೈಕಿ ಅಲ್ಲ ಆಕಿ. ಒಮ್ಮೆ ಹಣಿಕಿ ಹಾಕಿದ್ರ, ಮಂಗ್ಯಾಗೂ ಒಳಗ ಜಾಗಾ ಐತಿ ಅನ್ನೂದು ಕಣ್ಣಿಗರೆ ಕಾಣಲಿ ಅಂತ ಇಟ್ಟೇನಿ. ಆಕಿ ನೋಡೂತನಾ ಇರ್ಲಿ. ಆಮ್ಯಾಲ ಬೇಕಾದ್ರ ನನ್ನೂ ತಗೀರಿ."

ಮೂರು ವರ್ಷ ನಾನು ನನ್ನ ಬುದ್ಧಿಯ ಬಗ್ಗೆ ಹೆಮ್ಮೆಪಟ್ಟುಕೊಂಡು ನಿಂತಿದ್ದೆ. ಒಳಗೊಬ್ಬ ನನ್ನ ದಾರಿ ಕಾಯುತ್ತಿದ್ದಾನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಮೊದಲು ನನ್ನನ್ನು ಕಂಡವರು ಜಗಳ ತೆಗೆದ ಆ ಹಿರಿಯರೇ. ಮಂಗ್ಯಾನನ್ನು ತೆಗೆಯಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಬಿಸಿಲಾಗ ಯಾಕ ನಿಂತಿ ತಂಗಿ? ಒಳಗ ಬಾ" ಎಂದರು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಕಾಕಾ ಬೆಂಚಿನ ಮೇಲೆ ಅವ್ವನಿಗೂ ತನಗೂ ನಡುವೆ ನನಗೆ ಜಾಗ ಬಿಟ್ಟು ಸರಿದು ಕೂತ.