ಕನ್ನಡಿ ತುಂಬ ಮುಗಿಲು

ಶಂಕ್ರಪ್ಪನ ಮದುವೆ ಫೋಟೊದಲ್ಲಿ ಗಂಡು ಹೆಣ್ಣು ಸರಿಸಮ ಎತ್ತರ ಕಾಣುತ್ತಾರೆ. (ಗಂಡಿನ ಕಾಲಡಿ ಗೋಡೆ ಕಟ್ಟುವ ಇಟ್ಟಂಗಿ ಇತ್ತು. ಫೋಟೊದವನು ಧೋತರ ಜಗ್ಗಿ ಮುಚ್ಚಿದ್ದ.) ಮೂವತ್ತು ವರ್ಷವಾದರೂ ಆ ಮಹಾನುಭಾವ ಆ ಇಟ್ಟಂಗಿಯಿಂದ ಕೆಳಗಿಳಿದಿರಲಿಲ್ಲ.

ದುಂಡಸಿಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಅವನಿಗೆ ಈಗೊಂದು ಹೊಸ ಸಂಕಟ. ಹೆಂಡತಿ ಶಿವಬಸವ್ವ ದಿನಾ ಶಿಗ್ಗಾವಿಗೆ ಬಸ್ಸಿನಲ್ಲಿ ಹೋಗಿ ಕಾರು ಕಲಿತು, ಲೈಸನ್ಸು ತಂದು ದೇವರ ಜಗಲಿಯ ಮೇಲಿಟ್ಟಿದ್ದಳು. ಸೊಸೆಯ ತವರು ಹಿರೇಕೆರೂರಿನಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ತಾನೇ ಕಾರು ನಡೆಸುವೆನೆಂದು ಹಟ ಹಿಡಿದಳು.

"ಬೀಗರ ಓಣಿಯಾಗ ನೀ ಗಾಡಿ ಹೊಡಿಯೂದು, ನಾ ಬಾಜೂಕ ಬುತ್ತಿ ಗಂಟು ಹಿಡ್ಕೊಂಡು ಕುಂದರೂದಾ? ನನ್ನ ಮೀಸಿ ಗತಿ ಏನು?"

"ಮೀಸಿ ಏನ್ ಸ್ಟೇರಿಂಗ್ ಹಿಡೀತಾವೇನ್ರಿ?"

ಹಿಂದಿನದು ನೋಡಿ ಗಾಡಿ ಹೊಡೆಯುವ ವಿದ್ಯೆ ಹೆಂಗಸರಿಗೆ ಒಲಿಯುವುದಿಲ್ಲ ಎಂದು ಘೋಷಿಸಿ, ಶಂಕ್ರಪ್ಪ ಮೂರು ದಿನ ಕನ್ನಡಿ ಯಜ್ಞ ನಡೆಸಿದ. ಮೊಮ್ಮಗಳಿಗೆಂದು ಅವಳು ಹಳೆ ಸೀರೆ ತುಂಡು ಸೇರಿಸಿ ಹೊಲಿದಿಟ್ಟಿದ್ದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿಗೆ ಹಾಸಿ, ಸಿಂಹಾಸನದ ಮೇಲೆ ಕುಳಿತಂತೆ ಕುಳಿತ. ಶಿವಬಸವ್ವ ಕಾರಿನ ಹಿಂದೆ ಜೋಳ ಕೇರುವ ಮರ ಎತ್ತಿ ಹಿಡಿದು ನಿಲ್ಲಬೇಕು.

"ಕಾಣ್ತೇನೇನ್ರಿ?"

"ಅರ್ಧಾ ಕಾಣ್ತಿ. ಎಡಕ್ಕ ಸರಿ."

"ಎಡಕ್ಕ ತಿಪ್ಪಿ ಐತ್ರಿ!"

"ತಿಪ್ಪಿ ಹತ್ತು!"

ಮೂರನೆಯ ಸಂಜೆ ಮೂರೂ ಕನ್ನಡಿಗಳು ಹದಕ್ಕೆ ಬಂದವು. ಹಿಂದೆ ಬರುವ ಲಾರಿಯವನು ಬೆಳಿಗ್ಗೆ ಏನು ತಿಂದನೆಂಬುದು ಅವನ ಹಲ್ಲಿನಲ್ಲಿ ಕಾಣುತ್ತಿತ್ತಂತೆ. ಯಾರೂ ಅಲುಗಿಸಬಾರದೆಂದು ಶಂಕ್ರಪ್ಪ ಬೋರಿನ ಪೈಪಿಗೆ ಬಳಿಯುವ ಅಂಟನ್ನು ಮೂರರ ಸಂದಿಗೂ ಸುರಿದ. ಇನ್ನು ಭೂಕಂಪವಾದರೆ ದುಂಡಸಿ ಅಲುಗೀತು, ಕನ್ನಡಿ ಅಲುಗದು.

ಹೊರಡುವ ದಿನ ಬಂತು. ಹನ್ನೊಂದಕ್ಕೆ ತೊಟ್ಟಿಲು. ಅವಸರದಲ್ಲಿ ಕುಳಿತಾಗ ಸೀಟು ಯಾಕೋ ತಣ್ಣಗೆನಿಸಿತು; ಹೊಸ ಧೋತರದ ಮಹಿಮೆ ಎಂದುಕೊಂಡ. ಊರು ದಾಟಿ ಕನ್ನಡಿ ನೋಡಿದರೆ ಎಡಕ್ಕೆ ಮುಗಿಲು, ಬಲಕ್ಕೆ ಮುಗಿಲು, ನಡುವಿನದರಲ್ಲಿ ಒಂದು ಹದ್ದು.

"ಕುಂಕುಮ ನೋಡ್ಕೊಳ್ಳಾಕ ಕನ್ನಡಿ ತಿರುವೀದಿ!"

"ನಿಮ್ಮ ಅಂಟು ಬಿಡಿಸಾಕ ಜೆಸಿಬಿ ಬೇಕ್ರಿ. ನಾ ಮುಟ್ಟಿದ್ರ ಲೈಸನ್ಸ್ ಒಲಿಯಾಗ ಹಾಕ್ತೇನಿ. ಮುಟ್ಟಿರ್ಲಿಲ್ಲಂದ್ರ?"

"ಚಾವಿ ನಿನ್ನ ಕೈಯಾಗ!"

ಹಾನಗಲ್ಲ ದಾರಿಯಲ್ಲಿ ಹಿಂದೆ ಹಾರ್ನು ಶುರುವಾಯಿತು. ಲಾರಿಯೋ, ಬಸ್ಸೋ, ಯಮನ ಕೋಣವೋ? ಕನ್ನಡಿ ಹದ್ದನ್ನಷ್ಟೇ ತೋರಿಸುತ್ತಿತ್ತು. ಕುತ್ತಿಗೆ ಚಾಚಿದ, ಬೆವರಿದ. ಎದುರಿಗೊಂದು ತಗ್ಗು ಬಂತೆಂದು ಬಲಕ್ಕೆ ಹೊರಳಿಸಿದ.

"ಬಸ್ಸರೀ!"

ಶಂಕ್ರಪ್ಪ ಎಡಕ್ಕೆ ಎಳೆದು ಬ್ರೇಕಿನ ಮೇಲೆ ನಿಂತೇಬಿಟ್ಟ. ಬಸ್ಸು ಬಣ್ಣ ಸವರಿದಷ್ಟು ಹತ್ತಿರದಿಂದ ಹೋಯಿತು. ಅದರ ಕಿಟಕಿಯಲ್ಲಿದ್ದ ಮುದುಕಿಯ ಎಲೆ ಅಡಿಕೆಯ ವಾಸನೆ ಅವನ ಮೂಗಿಗೆ ಬಡಿಯಿತು.

ಶಿವಬಸವ್ವ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಹಿಂದಿನ ಸೀಟಿನಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿ, ತೊಳೆದು ಮಡಿಚಿಟ್ಟಿದ್ದ ಕೌದಿ ತೆಗೆದಳು.

"ಒಂಚೂರು ಏಳ್ರಿ."

ಎದ್ದ. ಕೌದಿ ಕೆಳಗೆ ಬಂತು. ಕುಳಿತ. ಮೂರೂ ಕನ್ನಡಿಗಳಲ್ಲಿ ದುಂಡಸಿಯ ತನಕ ರಸ್ತೆ!

"ಕಂಡಿತ್ರೀ?"

"ಕಂಡಿತು" ಎಂದ, ಕೇಳಿಸದಷ್ಟು ಮೆಲ್ಲಗೆ. "ಬೀಗರ ಓಣಿ ತನಕ ಇದು ಹಿಂಗ ಇರ್ಲಿ..."

"ಮುತ್ಯಾ ಕುಂತು ಬೆವತ ಕೌದಿ ಕೂಸಿಗೆ ಹಾಸ್ಲೇನು? ಇಳೀರಿ. ಚಾವಿ ಕೊಡ್ರಿ."

ಜಾಗ ಬದಲಾಯಿತು. ಇವಳಿಗೂ ಮುಗಿಲೇ ಕಾಣಲಪ್ಪ ಎಂದು ಶಂಕ್ರಪ್ಪ ಹರಕೆ ಹೊತ್ತ. ಶಿವಬಸವ್ವ ಬರೀ ಸೀಟಿನ ಮೇಲೆ ಕುಳಿತು ಬಲಕ್ಕೆ, ಎಡಕ್ಕೆ, ನಡುವೆ ಒಂದೊಂದು ಸಲ ನೋಡಿದಳು.

"ಎಲ್ಲಾ ಕಾಣಾಕತ್ತೈತ್ರಿ. ನನ್ನ ಅಳತೀಗೇ ಕುಂದ್ರಿಸಿ ಅಂಟು ಹಾಕೀರಿ. ನಿಮಗ ನನ್ನ ಮ್ಯಾಲ ಎಷ್ಟ ಕಾಳಜಿರಿ!"

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಕಾರು ಹಿರೇಕೆರೂರಿನ ಓಣಿ ಹೊಕ್ಕಿತು. ತೊಡೆಯ ಮೇಲೆ ಬುತ್ತಿ ಗಂಟು, ಗಂಟಿನ ಮೇಲೆ ಕೌದಿ, ಕೌದಿಯ ಮೇಲೆ ಶಂಕ್ರಪ್ಪನ ಮೀಸೆ. ಓಡಿ ಬಂದ ಬೀಗರು ಮೊಬೈಲು ತೆಗೆದರು.

"ಅಕ್ಕಾರ ಗಾಡಿ ಹೊಡದಾರ! ಇಬ್ಬರೂ ಗಾಡಿ ಮುಂದ ನಿಂದರ್ರಿ ಬೀಗರ, ಒಂದು ಫೋಟೊ ಹಿಡೀತೇನಿ."

ಶಂಕ್ರಪ್ಪ ಗಾಬರಿಯಿಂದ ಓಣಿಯ ತುದಿತನಕ ನೆಲ ಹುಡುಕಿದ. ಹೊಸದಾಗಿ ಹಾಕಿದ ಸಿಮೆಂಟ್ ರಸ್ತೆ. ಒಂದೇ ಒಂದು ಇಟ್ಟಂಗಿ ಇರಲಿಲ್ಲ.