ಚೆಸ್ಲಿ ಪಿಂಕ್ಸೆನ್ನನ ಮುಂಬಾಗಿಲು ಕೊಲ್ಲಿ ದಾಟಿದ್ದು

"ಒಂದೇ ಒಂದು ತಟ್ಟೆ ಅಲುಗಿದರೆ ಕೇಳಿ!" ಎಂದು ಚೆಸ್ಲಿ ಪಿಂಕ್ಸೆನ್ ಮಸಲ್ ಕೊಲ್ಲಿಯ ಅಂಗಡಿಯಲ್ಲಿ, ಊರಿನ ಅರ್ಧ ಗಂಡಸರ ಎದುರಿಗೆ, ಎದೆ ಉಬ್ಬಿಸಿ ಘೋಷಿಸಿಬಿಟ್ಟ. ಬೇರೆಯವರು ಮನೆ ಎಳೆಸುವಾಗ ಪಾತ್ರೆ ಪಡಗ ಗಂಟು ಕಟ್ಟುತ್ತಾರಂತೆ, ಒಲೆ ಆರಿಸುತ್ತಾರಂತೆ, ಹೊಗೆಕೊಳವೆ ಕಳಚಿ ಇಳಿಸುತ್ತಾರಂತೆ. ಅವೆಲ್ಲ ಕೈಲಾಗದವರ ಕೆಲಸ! ತನ್ನ ಮನೆಯಲ್ಲಿ ಒಲೆ ಉರಿಯುತ್ತಲೇ ಇರುತ್ತದೆ, ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಕೊಲ್ಲಿಯ ಆ ದಡದಲ್ಲಿ ಬಗ್ಗಿಸಿದ ಟೀಯನ್ನು ಈ ದಡದಲ್ಲಿ ಇಳಿದು ಕುಡಿಯುತ್ತೇನೆ, ಬಿಸಿ ಆರಿರುವುದಿಲ್ಲ, ಬೇಕಾದರೆ ಬೆರಳು ಅದ್ದಿ ನೋಡಿ ಎಂದ.

ಯಾರೂ ನಗಲಿಲ್ಲ. ನಮ್ಮಲ್ಲಿ ಇಂಥ ಮಾತಿಗೆ ತಕ್ಷಣ ನಕ್ಕು ಹಾಳು ಮಾಡುವುದಿಲ್ಲ, ಮಾಗಲು ಬಿಡುತ್ತಾರೆ.

ನ್ಯೂಫೌಂಡ್‌ಲ್ಯಾಂಡಿನ ಈ ಕರಾವಳಿಯಲ್ಲಿ ಬೇರೆ ಕಡೆ ಹೋಗಿ ನೆಲೆಸುವವರು ಮನೆ ಬಿಟ್ಟು ಹೋಗುವುದಿಲ್ಲ, ಮನೆಯನ್ನೇ ಕರೆದುಕೊಂಡು ಹೋಗುತ್ತಾರೆ. ಹಲಗೆಯ ಮನೆ, ಕಂಬಗಳ ಮೇಲೆ ಕುಳಿತಿರುತ್ತದೆ. ಕಂಬ ತಪ್ಪಿಸಿ, ಅಡಿಯಲ್ಲಿ ಎರಡು ಉದ್ದ ದಿಮ್ಮಿ ಕೊಟ್ಟು, ಹಗ್ಗ ಬಿಗಿದರೆ ಸಾಕು, ಊರಿಗೆ ಊರೇ ಬಂದು ಎಳೆಯುತ್ತದೆ. ಕೂಲಿ ಎಂದರೆ ಮುಖ ತಿರುಗಿಸುತ್ತಾರೆ. ಹೊಟ್ಟೆ ತುಂಬ ಬಟಾಣಿ ಸೂಪು, ಅದರಲ್ಲಿ ಉಪ್ಪು ಹಾಕಿದ ದನದ ಮಾಂಸ, ಆಮೇಲೆ ಕಾಕಂಬಿ ಬನ್ನು, ಇಷ್ಟು ಹಾಕಿದರೆ ಅರಮನೆಯನ್ನೂ ಎಳೆದು ಕೊಡುತ್ತಾರೆ. ಅಂಥ ಜನ!

ಚೆಸ್ಲಿಯ ಮನೆ ಇದ್ದದ್ದು ಕೊಲ್ಲಿಯ ಆಚೆ ಬದಿಯಲ್ಲಿ, ಕಡಲಿಗೆ ಚಾಚಿದ ಗಾಳಿಮೂತಿ ಎಂಬ ಗುಡ್ಡದ ಮೇಲೆ. ಒಂದೇ ಮನೆ. ಮದುವೆಯಾಗಿ ಬಂದ ಡ್ರುಸಿಲ್ಲಾ ಏಳು ವರ್ಷ ಅಲ್ಲಿ ಗಾಳಿಗೆ ಟೀ ಕೊಟ್ಟುಕೊಂಡು ಕುಳಿತಿದ್ದಳು. ಗಂಡ ಮೀನಿಗೆ ಹೋದರೆ ಅವಳಿಗೆ ಜೊತೆ ಎಂದರೆ ಬ್ಯಾಟರಿ ರೇಡಿಯೋ ಒಂದೇ. ಸಂಜೆಯ ಸುದ್ದಿಯಲ್ಲಿ ಯಾವುದೋ ಊರಿನ ಯಾರೋ ಆಸ್ಪತ್ರೆಯಿಂದ ಮನೆಗೆ ಹೊರಟರಂತೆ ಎಂದು ಓದಿದರೆ, ತನ್ನ ಸ್ವಂತ ಅಣ್ಣನೇ ಗುಣವಾದ ಹಾಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಬ್ಯಾಟರಿ ಮುಗಿದ ವಾರ ಅವಳು ಒಲೆಯ ಜೊತೆ ಜಗಳವಾಡುವುದನ್ನು ಚೆಸ್ಲಿ ಕಿವಿಯಾರೆ ಕೇಳಿದ್ದ. ಕೊನೆಗೆ ಒಂದು ದಿನ ಅವಳು ಸಟ್ಟುಗ ಕೆಳಗಿಟ್ಟು ಹೇಳಿದಳು:

"ಮೂರು ವರ್ಷದ ಹಿಂದೆ ಇಡೀ ನ್ಯೂಫೌಂಡ್‌ಲ್ಯಾಂಡ್ ದೇಶಾನೇ ಎತ್ತಿಕೊಂಡು ಹೋಗಿ ಕೆನಡಾಕ್ಕೆ ಸೇರಿಸಿದ್ರು, ಚೆಸ್. ನಿನಗೆ ಒಂದು ಮನೇನ ಕೊಲ್ಲಿ ದಾಟಿಸೋಕಾಗಲ್ವಾ? ಈ ಚಳಿಗಾಲ ದಾಟಿದ್ರೆ ನಾನು ಅಮ್ಮನ ಮನೆಗೆ ಹೋಗ್ತೀನಿ. ಒಬ್ಬಳೇ ಹೋಗ್ತೀನಿ."

ಅವಳು ಕೂಗಾಡಿದ್ದರೆ ಚೆಸ್ಲಿ ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು, ಅದಕ್ಕೇ ಹೆದರಿದ. ಮರುದಿನವೇ ಊರೊಳಗೆ ರಸ್ತೆಯ ಪಕ್ಕ, ಬಂಡೆಯ ಬುಡದಲ್ಲಿ, ಜಾಗ ಗೊತ್ತು ಮಾಡಿ ಬಂದ.

ಆದರೆ ಚೆಸ್ಲಿಯ ತಲೆಯಲ್ಲಿ ಇನ್ನೊಂದು ಹುಳ ಇತ್ತು. ಅದು ಅವನ ಮುಂಬಾಗಿಲು! ಎರಡು ಚಳಿಗಾಲ ಕೂತು ಕೆತ್ತಿದ ಬಾಗಿಲು. ಒಡೆದ ಹಡಗೊಂದರ ಕ್ಯಾಬಿನ್ನಿನಿಂದ ತಂದ ಕೆಂಪು ನೀಲಿ ಗಾಜು, ಹಿತ್ತಾಳೆಯ ಹಿಡಿ, ಮೂರು ಸುತ್ತು ಹಸಿರು ಬಣ್ಣ. ಗಾಳಿಮೂತಿಯಲ್ಲಿ ಅದನ್ನು ಕಡಲಹಕ್ಕಿಗಳ ಹೊರತು ಯಾರೂ ನೋಡಿರಲಿಲ್ಲ. ಈಗ ಅದು ರಸ್ತೆಗೆ ಮುಖ ಮಾಡಿ ನಿಲ್ಲುತ್ತದೆ, ಹಡಗಿನಿಂದ ಇಳಿದವರು ಮೊದಲು ನೋಡುವುದು ಅದನ್ನೇ, "ಇದು ಯಾರ ಮನೆ?" ಎಂದು ಕೇಳಿಯೇ ಕೇಳುತ್ತಾರೆ ಎಂದು ಅವನು ರಾತ್ರಿಯೆಲ್ಲ ಲೆಕ್ಕ ಹಾಕಿದ್ದ. ಅಡುಗೆಮನೆಯ ಬಾಗಿಲು ಬಂಡೆಯ ಕಡೆ ಹೋಗುತ್ತದೆ, ಹೋಗಲಿ.

"ಮುಂಬಾಗಿಲಿಗೆ ಯಾರಪ್ಪ ಬರ್ತಾರೆ?" ಎಂದು ಡ್ರುಸಿಲ್ಲಾ ಒಮ್ಮೆ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕೊಲ್ಲಿಯಲ್ಲಿ ಬರುವವರೆಲ್ಲ ಹಿಂಬಾಗಿಲಿನಿಂದ, ಬಾಗಿಲು ತಟ್ಟದೆ, ನೇರ ಅಡುಗೆಮನೆಗೆ ಬರುತ್ತಾರೆ. ಬಾಗಿಲು ತಟ್ಟಿದರೆ ಒಳಗಿನವರು ಯಾರಿಗೋ ಏನೋ ಆಯಿತು ಎಂದು ಗಾಬರಿಯಾಗುತ್ತಾರೆ.

"ಇಂಥ ಬಾಗಿಲು ಇದ್ದರೆ ಬರ್ತಾರೆ" ಎಂದ ಚೆಸ್ಲಿ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅಲ್ಲಿಯೇ ಅವನು ಎಚ್ಚರಗೊಳ್ಳಬೇಕಿತ್ತು.

ಮಾರ್ಚಿಯ ಒಂದು ಶನಿವಾರ ಬೆಳಗ್ಗೆ ನಲವತ್ತು ಜನ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ನಡೆದು ಬಂದರು. ಮುಂದೆ ಎಲಿ ಮಾವ. ಎಪ್ಪತ್ತೆರಡು ವರ್ಷದ ಮುದುಕ, ಊರಿಗೆಲ್ಲ ಮಾವ, ಅವನು ಹಾಡು ಹೇಳಿದರೆ ಮಾತ್ರ ನಮ್ಮೂರಲ್ಲಿ ಮನೆ ಅಲುಗುವುದು. ಮಂಜುಗಡ್ಡೆ ಮೆತ್ತಗಾಗುತ್ತಿದೆ, ಇವತ್ತು ಬಿಟ್ಟರೆ ಮುಂದಿನ ವರ್ಷವೇ ಎಂದು ಅವನು ಬಂದ ಕೂಡಲೇ ಹೇಳಿದ. ಮನೆ ಇಳಿಜಾರಿನಲ್ಲಿ ಜಾರದಂತೆ ಹಿಂದಿನ ಹಗ್ಗಕ್ಕೆ ಇಪ್ಪತ್ತು ಜನ ಬೇಕು ಎಂದೂ ಹೇಳಿದ.

"ಆರು ಜನ ಧಾರಾಳವಾಯ್ತು ಮಾವ. ಮನೆ ನಂದು, ಅದರ ಸ್ವಭಾವ ನನಗೆ ಗೊತ್ತು" ಎಂದ ಚೆಸ್ಲಿ.

ಎಲಿ ಮಾವ ಆಕಾಶ ನೋಡಿದ. ಡ್ರುಸಿಲ್ಲಾ ಒಳಗೇ ಇರುತ್ತೇನೆ ಎಂದಳು. ಬ್ರೆಡ್ಡಿನ ಹಿಟ್ಟು ಉಬ್ಬಲು ಇಟ್ಟಿದ್ದಾಳಂತೆ, ನಲವತ್ತು ಜನರ ಊಟ, ಬಿಟ್ಟು ಬರಲಾಗದು. ಚೆಸ್ಲಿ ಒಂದು ಕಪ್ ಟೀ ಬಗ್ಗಿಸಿ ಮೇಜಿನ ಮೇಲಿಟ್ಟು, ಹೊರಗೆ ಬಂದು, ತನ್ನ ಮುಂಬಾಗಿಲಿನ ಮೆಟ್ಟಿಲ ಮೇಲೆ ನಿಂತುಕೊಂಡ. ಹಡಗಿನ ಕ್ಯಾಪ್ಟನ್ ಕೂಡ ಅಷ್ಟು ಗತ್ತಿನಲ್ಲಿ ನಿಂತಿರಲಾರ. ಎಲಿ ಮಾವ ಹಾಡು ಎತ್ತಿದ, ನಲವತ್ತು ಜನ "ಐಸಾ" ಎಂದರು, ಮನೆ ನರಳಿ, ಕೆಮ್ಮಿ, ಹೊರಟಿತು.

ಇಳಿಜಾರಿನ ತಲೆಯವರೆಗೆ ದೇವರಾಣೆಗೂ ಚೆನ್ನಾಗಿಯೇ ಹೋಯಿತು. ಅಲ್ಲಿಂದ ಮನೆಗೆ ಯಾರ ಸಹಾಯವೂ ಬೇಕಾಗಲಿಲ್ಲ. ಹಿಂದಿನ ಆರು ಜನರಲ್ಲಿ ಮೂವರು ಕೂತರು, ಇಬ್ಬರು ಮಲಗಿದರು, ಒಬ್ಬ ಹಗ್ಗ ಬಿಟ್ಟು ಶಿಲುಬೆಯ ಗುರುತು ಮಾಡಿಕೊಂಡ. ಮುಂದಿದ್ದವರು ದಿಕ್ಕಾಪಾಲಾಗಿ ಓಡಿದರು. ಎರಡಂತಸ್ತಿನ ಮನೆ, ಕೊಳವೆಯಲ್ಲಿ ಹೊಗೆ ಬಿಡುತ್ತ, ಕಿಟಕಿಯಲ್ಲಿ ಪರದೆ ಹಾರಿಸುತ್ತ, ಕೊಲ್ಲಿಯ ಮೇಲೆ ಇಳಿದು ಜಾರಿಕೊಂಡು ಹೋಯಿತು! ಹೋಗುತ್ತ ಹೋಗುತ್ತ ನಿಧಾನವಾಗಿ ತಿರುಗಿತು ಕೂಡ. ಮೊದಲು ಮುಂಬಾಗಿಲು, ಆಮೇಲೆ ಮಗ್ಗುಲು, ಆಮೇಲೆ ಅಡುಗೆಮನೆ ಕಿಟಕಿಯಲ್ಲಿ ಡ್ರುಸಿಲ್ಲಾ, ಎರಡೂ ಕೈಯಲ್ಲಿ ಹಿಟ್ಟಿನ ಬೋಗುಣಿ ಹಿಡಿದುಕೊಂಡು ಎಲ್ಲರ ಮುಂದೆ ಹಾದುಹೋದಳು. ಒಂದು ಚೂರು ಹಿಟ್ಟು ಚೆಲ್ಲಲಿಲ್ಲ ಎಂದು ನಮ್ಮೂರಿನವರು ಇವತ್ತಿಗೂ ಹೇಳುತ್ತಾರೆ.

ಚೆಸ್ಲಿಯನ್ನು ಮನೆ ಅರ್ಧ ದಾರಿಯಲ್ಲೇ ಮೆಟ್ಟಿಲಿನಿಂದ ಒದರಿಬಿಟ್ಟಿತ್ತು. ಅವನು ಹೊಟ್ಟೆಯ ಮೇಲೆ ಜಾರಿ, ಮಂಜುಗಡ್ಡೆ ಕರಗಿ ನೀರು ನಿಂತಿದ್ದ ಗುಂಡಿಗೆ ಹೋಗಿ ಬಿದ್ದ. ಎದ್ದು ಮನೆಯ ಕಡೆ ಓಡಿದ. ಮನೆ ಕೊಲ್ಲಿಯ ನಟ್ಟನಡುವೆ ನಿಂತಿತ್ತು. ಅಡಿಯಲ್ಲಿ ಗಡ್ಡೆ ಲಟ್ ಲಟ್ ಅನ್ನುತ್ತಿತ್ತು.

"ಡ್ರೂಸ್! ಬದುಕಿದ್ದೀಯಾ?"

ಗಾಳಿಮೂತಿಯ ಕಡೆಗಿದ್ದ ಮುಂದಿನ ಕೋಣೆಯ ಕಿಟಕಿ ತೆರೆಯಿತು. "ನಾನು ಬದುಕಿದ್ದೀನಿ. ನಿನ್ನ ಟೀ ಸತ್ತುಹೋಯ್ತು" ಎಂದಳು ಡ್ರುಸಿಲ್ಲಾ. ಉಳಿದ ತಟ್ಟೆ ಕಪ್ಪು ಒಂದಕ್ಕೂ ಏಟಾಗಿರಲಿಲ್ಲ. ಹಿಂದಿನ ದಿನವೇ ಅವಳು ಎಲ್ಲವನ್ನೂ ಕೌದಿಯಲ್ಲಿ ಸುತ್ತಿ ಬಟ್ಟೆ ಒಗೆಯುವ ದೊಡ್ಡ ತೊಟ್ಟಿಯಲ್ಲಿ ಇಟ್ಟಿದ್ದಳು. ಎಂಥ ಹೆಣ್ಣು ನೋಡಿ! ಮೇಜಿನ ಮೇಲೆ ಹೊರಗಿದ್ದದ್ದು ಗಂಡ ಬಗ್ಗಿಸಿಟ್ಟ ಆ ಒಂದೇ ಕಪ್ಪು.

ಚೆಸ್ಲಿಯ ಷರಾಯಿ ಅಷ್ಟರಲ್ಲಿ ಹಪ್ಪಳದಂತೆ ಗಟ್ಟಿಯಾಗತೊಡಗಿತ್ತು. ಒಣ ಬಟ್ಟೆ ಕೊಡು ಎಂದು ಹಲ್ಲು ಕಡಿಯುತ್ತ ಕೇಳಿದ. ಅವಳು ಪೆಟ್ಟಿಗೆಯಲ್ಲಿ ತಡಕಾಡಿ, ಕೈಗೆ ಸಿಕ್ಕಿದ್ದು ಇದೇ, ಬೇಗ ಹಾಕಿಕೋ, ಇಲ್ಲದಿದ್ದರೆ ಕಾಲು ಹೋಗುತ್ತದೆ ಎಂದು ಕಿಟಕಿಯಿಂದ ಎಸೆದಳು. ನೋಡಿದರೆ ಅವಳ ಕೆಂಪು ಫ್ಲಾನೆಲ್ ಲಂಗ, ಅಂಚಿಗೆ ಕಸೂತಿ ಬೇರೆ! ಚಳಿಗೆ ಮಾನ ಯಾವ ಲೆಕ್ಕ? ಚೆಸ್ಲಿ ಮನೆಯ ಮರೆಗೆ ನಿಂತು ಅದನ್ನು ಉಟ್ಟ. ಉಟ್ಟವನು ಅಲ್ಲಿಂದ ಕದಲಲಿಲ್ಲ. ಆ ಕಡೆ, ಊರಿನ ಬದಿಯಲ್ಲಿ, ನಲವತ್ತು ಜನ ಮತ್ತೆ ಸೇರಿದ್ದರು, ಅವರಿಗೆ ನಲವತ್ತು ನಾಲಿಗೆಗಳಿದ್ದವು.

ಅವನು ಮರೆಯಲ್ಲಿ ಅವಿತಿದ್ದಾಗಲೇ ಆ ಕಡೆ ಹಗ್ಗ ಬಿಗಿಯುವ ಸದ್ದಾಯಿತು. ಎಲಿ ಮಾವನ ಹಾಡು ಎದ್ದಿತು. ಮನೆ ಊರಿನ ಕಡೆಗೆ ಹೊರಟಿತು. ಆಗ ಚೆಸ್ಲಿಗೆ ಹೊಳೆಯಿತು: ತನ್ನ ಮೂಗಿನ ಎದುರಿಗಿರುವುದು ಮುಂಬಾಗಿಲು. ಅಂದರೆ ಮನೆ ಹಿಂದುಮುಂದಾಗಿ ಹೋಗುತ್ತಿದೆ!

"ನಿಲ್ಲಿಸಿ! ತಿರುಗಿಸಿ!" ಎಂದು ಅವನು ಅರಚಿದ. ನಲವತ್ತು ಗಂಟಲಿನ "ಐಸಾ" ಮುಂದೆ ಅವನ ಗಂಟಲು ಎಷ್ಟರದು? ಮರೆ ಬಿಟ್ಟು ಹೊರಗೆ ಓಡಿದರೆ ಲಂಗ ಕಾಣುತ್ತದೆ. ಅಲ್ಲೇ ನಿಂತರೆ ಮನೆ ಹೋಗಿಬಿಡುತ್ತದೆ, ಬಟಾಬಯಲಿನಲ್ಲಿ ಲಂಗ ಇನ್ನೂ ಚೆನ್ನಾಗಿ ಕಾಣುತ್ತದೆ. ಹೀಗಾಗಿ ಚೆಸ್ಲಿ ಪಿಂಕ್ಸೆನ್, ಹಿತ್ತಾಳೆಯ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು, ಕೆಂಪು ನೀಲಿ ಗಾಜಿಗೆ ಕೆನ್ನೆ ಒತ್ತಿ, ತನ್ನ ಪ್ರಾಣದಂಥ ಬಾಗಿಲನ್ನು ತಾನೇ ಬೈಯುತ್ತ ಬೈಯುತ್ತ ತಪ್ಪು ದಿಕ್ಕಿಗೆ ತಳ್ಳಿದ. ಅರ್ಧ ಮೈಲಿ ತಳ್ಳಿದ!

ದಡ ಹತ್ತುವಾಗ ಊರಿನ ಹೆಂಗಸರು ಮಕ್ಕಳು ಎರಡೂ ಬದಿಗೆ ಸಾಲಾಗಿ ನಿಂತಿದ್ದರು. ಮೊದಲು ಮನೆ ಬಂತು, ಹಿಂದೆ ಲಂಗ ಬಂತು. ಎಲಿ ಮಾವ ಹಾಡಿಗೆ ಆ ಕ್ಷಣವೇ ನಾಲ್ಕು ಸಾಲು ಕಟ್ಟಿ ಸೇರಿಸಿದ. ಅದನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಮನೆ ಬಂಡೆಯನ್ನು ಬಳಸಿ ಬಂದು ಕಂಬಗಳ ಮೇಲೆ ಸೊಗಸಾಗಿ ಕುಳಿತಿತು. ಅಡುಗೆಮನೆ ರಸ್ತೆಗೆ, ಚೆಸ್ಲಿಯ ಮುಂಬಾಗಿಲು ಬಂಡೆಗೆ. ನಡುವೆ ಮೂರಡಿ ಜಾಗ. ಮನೆಗೂ ಬಂಡೆಗೂ ನಡುವೆ ಸಿಕ್ಕಿಕೊಂಡ ಚೆಸ್ಲಿ ಮಗ್ಗುಲಾಗಿ ನುಸುಳಿ ಹೊರಗೆ ಬಂದ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆದಿತ್ತು. ಯಾರೂ ತಟ್ಟಿರಲಿಲ್ಲ. ಎದುರುಮನೆಯವರು ಬಂದರು, ಪಕ್ಕದವರು ಬಂದರು, ಎಳೆದವರು ಬಂದರು, ಎಳೆಯದವರೂ ಬಂದರು. ಬ್ರೆಡ್ಡು ಆಗತಾನೇ ಬೆಂದಿತ್ತು. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರ ತಟ್ಟೆ, ಕಿಟಕಿಯ ಕಟ್ಟೆಯ ಮೇಲೆ ಸೂಪು, ಅಕಾರ್ಡಿಯನ್ ನುಡಿಸುವವನಿಗೆ ಮೊಣಕೈ ಆಡಿಸಲೂ ಜಾಗವಿಲ್ಲ. ರೇಡಿಯೋ ಹಚ್ಚುವುದು ಯಾರಿಗೂ ನೆನಪಾಗಲಿಲ್ಲ. ಡ್ರುಸಿಲ್ಲಾ ಕೆಟಲು ಹಿಡಿದು ಆ ಜಂಗುಳಿಯಲ್ಲಿ ಓಡಾಡುತ್ತಿದ್ದಳು, ಏಳು ವರ್ಷದಲ್ಲಿ ಚೆಸ್ಲಿ ಅವಳ ಮುಖ ಹಾಗೆ ನೋಡಿರಲಿಲ್ಲ. ನೋಡಿದವನಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಅವನು ಎಲಿ ಮಾವನನ್ನು ಮೂಲೆಗೆ ಎಳೆದ. "ಐವತ್ತು ವರ್ಷ ಮನೆ ಎಳೆದವರು ನೀವು. ತಲೆ ಯಾವುದು ಬಾಲ ಯಾವುದು ಅಂತ ಗೊತ್ತಾಗಲಿಲ್ವಾ ಮಾವ?"

"ಗೊತ್ತಾಗದೆ ಏನೋ ಮಗಾ? ತಿರುಗಿಸೋಣ ಅಂತಾನೇ ಹೊರಟಿದ್ದೆ" ಎಂದ ಎಲಿ ಮಾವ, ಬನ್ನು ಅಗಿಯುತ್ತ. "ನಿನ್ನ ಹೆಂಡ್ತಿ ಅಡುಗೆಮನೆ ಕಿಟಕಿ ತೆಗೆದು, 'ಮಾವ, ಈ ಕಡೆಗೇ ಹಗ್ಗ ಕಟ್ಟಿ, ಬೇಗ, ಅವನಿಗೆ ಲಂಗ ಕೊಟ್ಟಿದ್ದೀನಿ, ಈ ಕಡೆ ಬರಲ್ಲ' ಅಂದ್ಲು."

ಚೆಸ್ಲಿ ಮುಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿದ. ಎಲ್ಲಕ್ಕಿಂತ ಮೇಲೆ, ನೀಟಾಗಿ ಮಡಿಸಿ, ಅವನ ಭಾನುವಾರದ ಷರಾಯಿ ಇತ್ತು.

ಹಿಂದೆ ತಿರುಗಿದರೆ ಡ್ರುಸಿಲ್ಲಾ ಬಾಗಿಲಲ್ಲಿ ನಿಂತಿದ್ದಳು. ಅವನು ಬಾಯಿ ತೆರೆಯುವ ಮುಂಚೆ ಅವಳೇ ಹೋಗಿ ಹಸಿರು ಬಾಗಿಲಿನ ಮೇಲೆ ಕೈ ಆಡಿಸಿ, ಅಡುಗೆಯ ಏಪ್ರನ್ನಿನಿಂದ ಗಾಜು ಒರೆಸಿದಳು.

"ಬಾಗಿಲು ನಿಜವಾಗ್ಲೂ ಚೆನ್ನಾಗಿದೆ, ಚೆಸ್. ನಮ್ಮೂರಲ್ಲಿ ಮುಂಬಾಗಿಲಿಂದ ಹೋಗೋದು ಹೆಣ ಒಂದೇ ಅಲ್ವಾ? ನಾನು ಸತ್ತಾಗ ಇದರಲ್ಲೇ ಕಳಿಸು, ಎಲ್ಲರೂ ನೋಡಲಿ" ಎಂದಳು. "ಅಲ್ಲಿವರೆಗೂ ಜನ ಆ ಕಡೆಯಿಂದ ಬರ್ತಾ ಇರಲಿ. ಈಗ ಹೋಗಿ ಸೌದೆ ತಾ, ಟೀಗೆ ಇನ್ನೂ ಹನ್ನೆರಡು ಜನ ಇದ್ದಾರೆ. ಲಂಗ ಹುಷಾರು, ಅದು ನಾಳೆ ಚರ್ಚಿಗೆ ಬೇಕು."